ಮಾರ್ಗೇಜ್: ಸತ್ತ ಒತ್ತೆ

‘ಮಾರ್ಗೇಜ್’ ಎಂಬ ಮಾತು ಕಿವಿಗೆ ಬೀಳದ ರೈತರ ಮನೆ ನಮ್ಮಲ್ಲಿ ವಿರಳ. ಆದರೆ ಇಂಗ್ಲಿಷಿನಲ್ಲಿ ಅದನ್ನು ಬರೆಯುವಾಗ ನಡುವೆ ಒಂದು ‘ಟಿ’ ಏಕೆ ಬರುತ್ತದೆ, ಬಂದರೂ ಉಚ್ಚಾರದಲ್ಲಿ ಏಕೆ ಕೇಳಿಸದು ಎಂದು ಯೋಚಿಸಿದವರು ಕಡಮೆ. ಆ ಮೂಕಾಕ್ಷರದಲ್ಲಿ ಒಂದು ಸಾವು ಅಡಗಿದೆ. ಹಳೆಯ ಫ್ರೆಂಚಿನಲ್ಲಿ ‘ಮೋರ್ಟ್’ ಎಂದರೆ ಸತ್ತದ್ದು, ‘ಗೇಜ್’ ಎಂದರೆ ಒತ್ತೆ. (ನಿಶ್ಚಿತಾರ್ಥಕ್ಕೆ ಹೇಳುವ ‘ಎಂಗೇಜ್‌ಮೆಂಟ್’ ಕೂಡ ಈ ‘ಗೇಜ್’ನ ಸಂತಾನವೇ!) 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯ ಅಲ್ಲಿಯ ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ಬೇರೂರಿತು, ಆ ದಾರಿಯಿಂದಲೇ ಈ ಪದ ಇಂಗ್ಲಿಷನ್ನು ಸೇರಿತು.

ಒತ್ತೆ ಸಾಯುವುದೆಂದರೇನು? 15ನೆಯ ಶತಮಾನದ ನ್ಯಾಯಾಧೀಶ ಲಿಟಲ್‌ಟನ್ ಹೀಗೆ ವಿವರಿಸಿದನು: ಗಡುವಿಗೆ ಸಾಲ ತೀರದಿದ್ದರೆ ಭೂಮಿ ಸಾಲಗಾರನ ಪಾಲಿಗೆ ಸತ್ತಿತು, ತೀರಿದರೆ ಸಾಲ ಕೊಟ್ಟವನ ಪಾಲಿಗೆ ಸತ್ತಿತು. ಜಾಣತನದ ಮಾತೇನೋ ಹೌದು. ಆದರೆ ಇದಕ್ಕಿಂತ ಹಳೆಯ ವಿವರಣೆಯೊಂದು 12ನೆಯ ಶತಮಾನದ ಕೊನೆಯಲ್ಲಿ, ಗ್ಲಾನ್‌ವಿಲ್ಲನ ಹೆಸರಿನಲ್ಲಿರುವ ಲ್ಯಾಟಿನ್ ನ್ಯಾಯಗ್ರಂಥದಲ್ಲಿದೆ. ನನಗೆ ಅದೇ ಸರಿಯೆನಿಸುತ್ತದೆ. ಒತ್ತೆಯ ಹೊಲದ ಫಸಲು ಸಾಲಕ್ಕೆ ಜಮೆಯಾಗುತ್ತಿದ್ದರೆ ಅದು ಜೀವಂತ ಒತ್ತೆ. ಫಸಲನ್ನೆಲ್ಲ ಸಾಲ ಕೊಟ್ಟವನೇ ಉಂಡು, ಅಸಲು ಒಂದು ಕಾಸೂ ಇಳಿಯದಿದ್ದರೆ ಅದು ಸತ್ತ ಒತ್ತೆ. ಇದೊಂದು ಬಗೆಯ ಬಡ್ಡಿಕೋರತನವೆಂದೇ ಆ ಗ್ರಂಥ ಎಣಿಸುತ್ತದೆ.

ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ‘ಭೋಗ್ಯ’ ಇದೇ ಅಲ್ಲವೆ? ಸಾವಿರ ರೂಪಾಯಿಗೆ ಗದ್ದೆಯನ್ನು ಭೋಗ್ಯಕ್ಕೆ ಹಾಕಿದವನು, ಹತ್ತು ಸುಗ್ಗಿ ಕಳೆದರೂ ಬಿಡಿಸಿಕೊಳ್ಳಲು ಆ ಸಾವಿರವನ್ನೇ ಎಣಿಸಬೇಕು. ಬೆಳೆದ ಭತ್ತವೆಲ್ಲ ಬಡ್ಡಿಗೆ ವಜಾ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 58ನೆಯ ಪ್ರಕರಣ ಇಂಥ ಅಡಮಾನವನ್ನು ಹೆಸರಿಸುವಾಗ, ಉತ್ಪನ್ನವನ್ನು ಬಡ್ಡಿಗೆ ಹಿಡಿಯಬಹುದು, ಅಸಲಿಗೂ ಹಿಡಿಯಬಹುದು ಎನ್ನುತ್ತದೆ. ಎಂದರೆ ಒತ್ತೆ ಬದುಕಿರಬೇಕೋ ಸಾಯಬೇಕೋ ಎಂಬುದು ಪತ್ರದ ಒಂದು ಸಾಲಿನ ಮೇಲೆ ನಿಂತಿದೆ. ಹೆಬ್ಬೆಟ್ಟು ಒತ್ತುವ ಹಿರಿಯರಿಗೆ ಆ ಸಾಲನ್ನು ಓದಿ ಹೇಳುವವರು ಓದುಬರಹ ಬಲ್ಲ ಮಕ್ಕಳೇ.

ಲಿಟಲ್‌ಟನ್ ಹೇಳಿದ ಸಾವಿಗಾದರೋ 17ನೆಯ ಶತಮಾನದಲ್ಲಿ ಮದ್ದು ದೊರೆಯಿತು. ಗಡುವು ಮೀರಿದರೂ ಹಣ ಕಟ್ಟಿ ಭೂಮಿಯನ್ನು ಬಿಡಿಸಿಕೊಳ್ಳಲು ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯ ಅವಕಾಶ ಕೊಡತೊಡಗಿತು. ನಮ್ಮ ಕಾಯಿದೆಯ 60ನೆಯ ಪ್ರಕರಣದಲ್ಲಿರುವ ವಿಮೋಚನೆಯ ಹಕ್ಕು ಅದರ ವಂಶದ್ದೇ.

ಇನ್ನು ಫ್ರೆಂಚರು? ಅವರು ಈ ಪದವನ್ನು ಎಂದೋ ಕೈಬಿಟ್ಟು, ಗ್ರೀಕ್ ಮೂಲದ ‘ಇಪೊತೆಕ್’ ಎಂಬುದನ್ನು ಬಳಸುತ್ತಾರೆ.