ಮೀನಿನ ತೊಟ್ಟಿಯನ್ನು ತೊಳೆಯುವ ಬಗೆ

ಕಳೆದ ಮಳೆಗಾಲದ ಕೊನೆಯಲ್ಲಿ, ಅಂಕೋಲೆಯಿಂದ ಕಾರವಾರದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ನನ್ನ ಬಳಿ ಬಂದು, "ಸರ್, ತೊಟ್ಟಿ ಹೊಲಸಾಗಿದ್ದಾಗ ಮೀನುಗಳು ಬದುಕಿದ್ದವು. ಚೆನ್ನಾಗಿ ತೊಳೆದ ಮೇಲೆ ನಾಲ್ಕನೆಯ ದಿನಕ್ಕೆ ಎಲ್ಲವೂ ಸತ್ತವು. ಇದೆಂಥ ನ್ಯಾಯ?" ಎಂದು ಕೇಳಿದನು. ಅವನು ಮಾಡಿದುದಿಷ್ಟು: ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಹರಳುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ, ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಬಿಳುಪಾಗುವವರೆಗೆ ಹಿಂಡಿ, ಹೊಸ ನೀರು ತುಂಬಿದ್ದನು. ಗಂಗಾವಳಿ ನದಿಯಿಂದ ಎತ್ತಿ ಶುದ್ಧೀಕರಿಸಿ ನಮ್ಮ ನಲ್ಲಿಗಳಿಗೆ ಹರಿಸುವ ನೀರಿನಲ್ಲಿ ಕ್ಲೋರಿನ್ ಇರುತ್ತದೆಂಬುದನ್ನೂ ಅವನು ಬಲ್ಲನು. ಅದಕ್ಕಾಗಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲಿರುಳು ಇಟ್ಟು ಆಮೇಲೆಯೇ ಉಪಯೋಗಿಸಿದ್ದನು. ನನಗೆ ನಗು ಬರಲಿಲ್ಲ. ಎಂಟು ವರ್ಷಗಳ ಹಿಂದೆ ನಾನೂ ಇದೇ ರೀತಿ ಆರು ಮೀನುಗಳನ್ನು ಕಳೆದುಕೊಂಡಿದ್ದೆನು.

ನೀರು ತಿಳಿಯಾಗಿದ್ದರೆ ಶುದ್ಧವಾಗಿದೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಇವೆರಡೂ ಬೇರೆ ಬೇರೆ ಸಂಗತಿಗಳು. ಆಷಾಢದಲ್ಲಿ ಕೋಡಿಬಾಗದ ದಡದಲ್ಲಿ ನಿಂತು ಕಾಳಿ ನದಿಯನ್ನು ನೋಡಿದರೆ ನೀರು ಕದಡಿ ಹರಿಯುತ್ತಿರುತ್ತದೆ; ಅದರಲ್ಲಿ ತೇಲುವ ಮಣ್ಣಿನ ಕಣಗಳು ಬೆಳಕನ್ನು ಚದರಿಸುವುದೇ ಅದಕ್ಕೆ ಕಾರಣ. ಪೂರ್ತಿಯಾಗಿ ಕರಗಿದ ಅಣುಗಳಾದರೋ ಬೆಳಕನ್ನು ಚದರಿಸುವುದು ಅತ್ಯಲ್ಪ. ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಹೊರಹಾಕುವ ಅಮೋನಿಯಾ ಇಂಥ ವಸ್ತು. ತೊಟ್ಟಿಯ ಆಚೆ ಹಿಡಿದ ವೃತ್ತಪತ್ರಿಕೆಯನ್ನು ಓದುವಷ್ಟು ತಿಳಿಯಾದ ನೀರಿನಲ್ಲಿಯೂ ಮೀನನ್ನು ಕೊಲ್ಲುವಷ್ಟು ಅಮೋನಿಯಾ ಇರಬಹುದು.

ಹಾಗಾದರೆ ಹೊಲಸು ತೊಟ್ಟಿಯಲ್ಲಿ ಮೀನುಗಳು ಬದುಕಿದ್ದುದು ಹೇಗೆ? ಹರಳುಗಳ ಮೇಲೆ, ಗಾಜಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂಜಿನ ಒಳಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳು ಈ ವಿಷವನ್ನು ಹುಟ್ಟಿದಂತೆಲ್ಲ ಉತ್ಕರ್ಷಿಸುತ್ತಿದ್ದವು. ಅಮೋನಿಯಾ ಮೊದಲು ನೈಟ್ರೈಟ್ ಆಗುತ್ತದೆ, ಅನಂತರ ನೈಟ್ರೇಟ್ ಆಗುತ್ತದೆ. ನೈಟ್ರೈಟ್ ಕೂಡ ಅಪಾಯಕರವೇ. ಅದು ರಕ್ತವು ಆಮ್ಲಜನಕವನ್ನು ಒಯ್ಯದಂತೆ ಮಾಡುತ್ತದೆ. ನೈಟ್ರೇಟ್ ಮಾತ್ರ ಬಹುಮಟ್ಟಿಗೆ ಸೌಮ್ಯ. ಮಣ್ಣಿನಲ್ಲಿ ನಡೆಯುವ ಇದೇ ಕ್ರಿಯೆಯನ್ನು ಬ್ಯಾಕ್ಟೀರಿಯಾಗಳು ಎರಡು ಹಂತಗಳಲ್ಲಿ ನಡೆಸುತ್ತವೆಂದು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟನು. ಈ ಜೀವಿಗಳು ಬೆಳೆಯುವುದು ಬಲು ನಿಧಾನ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹುಡುಗನು ಅವುಗಳನ್ನು ಕುದಿನೀರಿಗೂ ನಲ್ಲಿಯ ಕ್ಲೋರಿನ್ನಿಗೂ ಬಲಿಕೊಟ್ಟು, ಮೀನುಗಳನ್ನು ಮಾತ್ರ ಹಿಂದಕ್ಕೆ ಬಿಟ್ಟನು. ನಾಲ್ಕು ದಿನಗಳಲ್ಲಿ ಅಮೋನಿಯಾ ಕೂಡಿಬಂದಿತು.

ಹಾಗೆಂದು ತೊಳೆಯದೆಯೇ ಬಿಡುವುದೂ ಸಲ್ಲದು. ಮೇಲೆ ಹೇಳಿದ ಕ್ರಿಯೆ ನಡೆಯುವಾಗ ಆಮ್ಲ ಉತ್ಪತ್ತಿಯಾಗುತ್ತದೆ. ಚಿರೆಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಕಡೆಯ ಬಾವಿಗಳ ನೀರು ಸಾಮಾನ್ಯವಾಗಿ ಮೃದು. ಆಮ್ಲವನ್ನು ತಡೆದುಕೊಳ್ಳುವ ಕಾರ್ಬೊನೇಟುಗಳು ಅದರಲ್ಲಿ ಕಡಿಮೆ. ಆದುದರಿಂದ ತಿಂಗಳುಗಟ್ಟಲೆ ಬಿಟ್ಟ ತೊಟ್ಟಿಯ ನೀರು ಹುಳಿಯಾಗುತ್ತ ಹೋಗುತ್ತದೆ, ಬ್ಯಾಕ್ಟೀರಿಯಾಗಳ ಕೆಲಸ ಕುಂಠಿತವಾಗುತ್ತದೆ, ಅಮೋನಿಯಾ ಉಳಿಯುತ್ತದೆ. ಹುಳಿ ನೀರಿನಲ್ಲಿ ಅದು ಹೆಚ್ಚಾಗಿ ಅಮೋನಿಯಮ್ ಅಯಾನಿನ ರೂಪದಲ್ಲಿರುವುದರಿಂದ ಮೀನುಗಳು ಹೇಗೋ ತಾಳಿಕೊಂಡಿರುತ್ತವೆ. ನೀರಿನ ಪಿಎಚ್ 7 ಇರುವಾಗ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ನೂರರಲ್ಲಿ ಒಂದು ಪಾಲು ಕೂಡ ವಿಷಕರವಾದ ಅಮೋನಿಯಾ ರೂಪದಲ್ಲಿರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ಸುಮಾರು ಏಳೆಂಟು ಪಾಲಾಗುತ್ತದೆ. ಇಂಥ ಹಳೆಯ ತೊಟ್ಟಿಗೆ ಒಮ್ಮೆಲೇ ಅರ್ಧಕ್ಕಿಂತ ಹೆಚ್ಚು ಹೊಸ ನೀರು ಸುರಿದರೆ ಏನಾಗುವುದೆಂದು ವಾಚಕರು ಊಹಿಸಬಹುದು. ಅಲ್ಲಿ ಮೀನು ಸಾಯಲು ನಾಲ್ಕು ದಿನ ಬೇಕಾಗುವುದಿಲ್ಲ, ಕೆಲವು ಗಂಟೆಗಳು ಸಾಕು.

ಆದುದರಿಂದ ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಮಾತ್ರ ಬದಲಿಸಬೇಕು. ಇದರ ಲೆಕ್ಕ ಸ್ವಾರಸ್ಯವಾಗಿದೆ. ವಾರವೊಂದಕ್ಕೆ ತೊಟ್ಟಿಯಲ್ಲಿ 1 ಪಾಲು ನೈಟ್ರೇಟ್ ಹುಟ್ಟುತ್ತದೆಂದು ಇಟ್ಟುಕೊಳ್ಳಿ. ಪ್ರತಿ ಸಲವೂ ಮುಕ್ಕಾಲು ಉಳಿಯುವುದರಿಂದ 1, 3/4, 9/16 ಎಂಬ ಗುಣೋತ್ತರ ಶ್ರೇಢಿ ದೊರೆಯುತ್ತದೆ. ಅದರ ಮೊತ್ತ 4. ಅಂದರೆ ಎಷ್ಟು ವರ್ಷ ಕಳೆದರೂ ನೈಟ್ರೇಟ್ 4 ಪಾಲನ್ನು ಮೀರುವುದಿಲ್ಲ. ಕಾಳಿಯ ಅಳಿವೆಯಲ್ಲಿ ಕಡಲು ದಿನಕ್ಕೆರಡು ಸಲ ಉಬ್ಬಿ ಇಳಿದು ಮಾಡುವ ಕೆಲಸವೂ ಇದೇ ಬಗೆಯದು. ಯಾವ ಇಳಿತವೂ ಅಳಿವೆಯನ್ನು ಬರಿದು ಮಾಡುವುದಿಲ್ಲ.

ನೀರನ್ನು ತೆಗೆಯಲು ಸೈಫನ್ ಕೊಳವೆಯೇ ಉತ್ತಮ. ಕೊಳವೆಯ ತುದಿಗೆ ಸಣ್ಣ ಪ್ಲಾಸ್ಟಿಕ್ ಶೀಸೆಯ ತಳವನ್ನು ಕತ್ತರಿಸಿ ಸಿಕ್ಕಿಸಿಕೊಳ್ಳಿ. ಕೊಳವೆಯ ವ್ಯಾಸ 1 ಸೆಂಟಿಮೀಟರ್, ಶೀಸೆಯದು 5 ಆದರೆ, ಅಡ್ಡಕೊಯ್ತದ ವಿಸ್ತೀರ್ಣ 25 ಪಟ್ಟು. ಕೊಳವೆಯಲ್ಲಿ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿದರೆ ಶೀಸೆಯಲ್ಲಿ ಮೇಲೇರುವ ವೇಗ 4 ಸೆಂಟಿಮೀಟರ್ ಮಾತ್ರ. ಹರಳು ನೀರಿನಲ್ಲಿ ಬೀಳುವ ವೇಗ ಇದಕ್ಕಿಂತ ಬಹಳ ಹೆಚ್ಚು, ಮೀನಿನ ಮಲ ಮತ್ತು ಕೊಳೆತ ಆಹಾರದ ಕಣಗಳದು ಕಡಿಮೆ. ಶೀಸೆಯನ್ನು ಹರಳಿನಲ್ಲಿ ಹೂಳಿದರೆ ಹರಳುಗಳು ಕುಣಿದು ಕೆಳಕ್ಕೆ ಬೀಳುತ್ತವೆ, ಹೊಲಸು ಮೇಲಕ್ಕೇರಿ ಬಕೆಟ್ಟಿಗೆ ಹೋಗುತ್ತದೆ. ನಮ್ಮ ಪ್ರಯೋಗಶಾಲೆಯ ಎಷ್ಟೋ ಉಪಕರಣಗಳಿಗಿಂತ ನನಗೆ ಇದು ಪ್ರಿಯ. ಕೊಳವೆಯನ್ನು ಬಾಯಿಯಿಂದ ಎಳೆಯಬೇಡಿ. ತೊಟ್ಟಿಯಲ್ಲಿಯೇ ಮುಳುಗಿಸಿ ನೀರು ತುಂಬಿಕೊಂಡರಾಯಿತು.

ಬಕೆಟ್ಟಿಗೆ ಬಂದ ಆ ಹೊಲಸು ನೀರಿನಲ್ಲಿಯೇ ಸ್ಪಂಜನ್ನು ಎರಡು ಸಲ ಮೆಲ್ಲಗೆ ಹಿಂಡಿದರೆ ಸಾಕು. ಗಾಜಿನ ಪಾಚಿಯನ್ನು ಬಟ್ಟೆಯಿಂದ ಉಜ್ಜಬೇಕು, ಸಾಬೂನು ತಾಗಿಸಲೇಬಾರದು. ಬಾವಿಯ ನೀರನ್ನು ಉಪಯೋಗಿಸುವವರು ಚೆನ್ನಾಗಿ ತೊಳೆದ ಕಡಲ ಚಿಪ್ಪುಗಳನ್ನು ನಾಲ್ಕೈದು ಹಾಕಬಹುದು. ನೀರು ಹುಳಿಯಾದಷ್ಟೂ ಅವು ಕರಗಿ ಅದನ್ನು ಸರಿದೂಗಿಸುತ್ತವೆ. ಮಳೆಗಾಲದಲ್ಲಿ ವಿದ್ಯುತ್ತು ಗಂಟೆಗಟ್ಟಲೆ ನಿಂತಾಗ ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಮೇಲಿನಿಂದ ಸುರಿಯುತ್ತಿರಿ. ಆಮ್ಲಜನಕವು ನೀರಿನೊಳಗೆ ಬರುವುದು ಮುಖ್ಯವಾಗಿ ಮೇಲ್ಮೈಯಿಂದ. ಗಾಳಿಯ ಗುಳ್ಳೆಗಳ ದೊಡ್ಡ ಉಪಕಾರವೂ ಮೇಲ್ಮೈಯನ್ನು ಕಲಕುವುದೇ. ನೀರು ಬೆಚ್ಚಗಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ: ಲೀಟರಿಗೆ 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಮ್, 30ರಲ್ಲಿ ಏಳೂವರೆ. ವೈಶಾಖದ ಸೆಕೆಯಲ್ಲಿ ಮೀನುಗಳ ಸಂಖ್ಯೆ ಕಡಿಮೆಯಿರುವುದು ಲೇಸು.

ವಿದ್ಯಾರ್ಥಿಗೆ ಇಷ್ಟನ್ನೆಲ್ಲ ಹೇಳಿ, ನನ್ನ ತೊಟ್ಟಿಯ ಶೋಧಕದಿಂದ ಕಂದುಬಣ್ಣದ ಹಳೆಯ ಸ್ಪಂಜಿನ ತುಂಡೊಂದನ್ನು ಕತ್ತರಿಸಿ, ತೊಟ್ಟಿಯ ನೀರಿನೊಡನೆಯೇ ಡಬ್ಬಿಯಲ್ಲಿಟ್ಟು ಕೊಟ್ಟೆನು. ಸಂಜೆಯ ಬಸ್ಸಿನಲ್ಲಿ ಅದು ಅಂಕೋಲೆಗೆ ಹೋಯಿತು. ಮೊದಲು ಎರಡೇ ಗಪ್ಪಿ ಮೀನುಗಳನ್ನು ಬಿಡಬೇಕೆಂದೂ ಉಳಿದವುಗಳಿಗೆ ಒಂದು ತಿಂಗಳು ಕಾಯಬೇಕೆಂದೂ ಹೇಳಿದ್ದೆನು. ಡಬ್ಬಿಯನ್ನು ತೆರೆದು ನೋಡಿದ ಅವನ ತಾಯಿ, ಈ ಕೊಳಕನ್ನು ಕಾರವಾರದಿಂದ ಹೊತ್ತು ತರಬೇಕಾಗಿತ್ತೇ ಎಂದು ಕೇಳಿದರಂತೆ.