ನಾಡಿ ಹಿಡಿಯುವುದನ್ನು ಪರದೆ ಕಲಿಸೀತೆ?

2019ರ ಆಗಸ್ಟ್‌ನಲ್ಲಿ ದೇಶದ ಎಂಬಿಬಿಎಸ್ ತರಗತಿಗಳಿಗೆ ಹೊಸ ಪಠ್ಯಕ್ರಮ ಬಂತು. ಬಾಯಿಪಾಠ ಸಾಲದು, ಮೊದಲ ವರ್ಷದಿಂದಲೇ ರೋಗಿಯ ಬಳಿ ನಿಂತು ಕಲಿಯಬೇಕು ಎಂಬುದು ಅದರ ತಿರುಳು. ಏಳೆಂಟು ತಿಂಗಳಲ್ಲೇ, 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲೇಜುಗಳ ಬಾಗಿಲು ಮುಚ್ಚಿಸಿತು. ಅಂಗರಚನಾಶಾಸ್ತ್ರದ ಪಾಠ ಮೊಬೈಲ್ ಪರದೆಗೆ ಇಳಿಯಿತು. 2022ರಲ್ಲಿ ಯುದ್ಧಕ್ಕೆ ಅಂಜಿ ಉಕ್ರೇನಿನಿಂದ ಮರಳಿದ ನಮ್ಮ ವಿದ್ಯಾರ್ಥಿಗಳಿಗೂ ಪರದೆಯೇ ಗತಿಯಾಯಿತು.

ಪಾಠವೇನೋ ನಿಲ್ಲಲಿಲ್ಲ. ಆದರೆ ಕೈಗೆ ಕೆಲಸ ಬಂತೇ? ಇದು ಊಹಿಸಿ ಹೇಳುವ ಮಾತಲ್ಲ, ಅಳೆದೇ ನೋಡಬೇಕು. ವೈದ್ಯಶಿಕ್ಷಣ ಸಂಶೋಧನೆಯ ಕೆಲಸ ಅದೇ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಅಂಥದೊಂದು ಅಳತೆಗೋಲು ಕೊಟ್ಟರು. ವಿದ್ಯಾರ್ಥಿ ಒಂದೆಡೆ ರೋಗಿಯನ್ನು ಮಾತನಾಡಿಸಬೇಕು, ಇನ್ನೊಂದೆಡೆ ಎದೆ ಪರೀಕ್ಷಿಸಿ ತೋರಿಸಬೇಕು. ಎಲ್ಲರಿಗೂ ಅದೇ ಕೆಲಸ, ಅದೇ ಅಂಕದ ಪಟ್ಟಿ. 'ಆಸ್ಕಿ' ಎಂಬ ಆ ಪರೀಕ್ಷೆ ಇಂದು ಹಲವು ದೇಶಗಳಲ್ಲಿದೆ.

ಈಗ ಕೃತಕ ಬುದ್ಧಿಮತ್ತೆ ಹೊಸ್ತಿಲಲ್ಲಿ ನಿಂತಿದೆ. ಅದು ಕಲಿಸಬಲ್ಲದ್ದೇನು, ರೋಗಿಯ ಮಗ್ಗುಲಲ್ಲೇ ಕಲಿಯಬೇಕಾದದ್ದೇನು ಎಂಬುದನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ಕಾಲೇಜು ಆರಿಸುವಾಗ ಶುಲ್ಕ ವಿಚಾರಿಸುವ ತಂದೆತಾಯಿ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಇಲ್ಲಿ ಕಲಿಸಿದ್ದು ಮಕ್ಕಳ ಕೈಗೆ ಹತ್ತಿದೆಯೇ ಎಂದು ಯಾರು, ಹೇಗೆ ನೋಡುತ್ತಾರೆ?