ಪರದೇಶದಲ್ಲಿ ಫೋನು: ಖರ್ಚು ಕಡಿಮೆ, ಸಂಪರ್ಕ ಗಟ್ಟಿ



ನಮ್ಮ ಕರಾವಳಿಯ ಯಾವ ಸಂಘದ ಸಭೆಗೆ ಹೋದರೂ ಗಲ್ಫ್ ದೇಶದ ಸುದ್ದಿ ಬಂದೇ ಬರುತ್ತದೆ. ಒಬ್ಬರ ಗಂಡ ಕುವೈತಿನಲ್ಲಿ, ಇನ್ನೊಬ್ಬರ ಮಗ ದುಬಾಯಿಯಲ್ಲಿ. ಕೆಲವು ಸದಸ್ಯೆಯರು ತಾವೇ ಮನೆಕೆಲಸಕ್ಕೋ ವೃದ್ಧರ ಆರೈಕೆಗೋ ಹೊರಡುತ್ತಾರೆ. ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಹೋಗಿ ಬರುವ ತಾಯಂದಿರೂ ಇದ್ದಾರೆ. ಪಾಸ್‌ಪೋರ್ಟು, ವೀಸಾ, ಟಿಕೇಟು ಎಲ್ಲದಕ್ಕೂ ಓಡಾಡುತ್ತೇವೆ. ಉಪ್ಪಿನಕಾಯಿ, ಹಪ್ಪಳ ಕಟ್ಟಿಕೊಳ್ಳಲಿಕ್ಕೂ ಮರೆಯುವುದಿಲ್ಲ. ಆದರೆ ಕೈಯಲ್ಲಿರುವ ಫೋನು ಅಲ್ಲಿ ಹೇಗೆ ಕೆಲಸ ಮಾಡುತ್ತದೆ, ಎಷ್ಟು ದುಡ್ಡು ತಿನ್ನುತ್ತದೆ ಎಂದು ಹೊರಡುವ ಮುಂಚೆ ಕೇಳುವವರು ಕಡಿಮೆ.

ಪರದೇಶದಲ್ಲಿ ಒಂಟಿಯಾಗಿರುವ ಹೆಂಗಸಿಗೆ ಫೋನು ಮಾತಾಡುವ ಸಾಧನ ಮಾತ್ರ ಅಲ್ಲ. ಊರಿನ ಬ್ಯಾಂಕ್ ಖಾತೆಯ ಬೀಗದ ಕೈ ಅದು, ಕಷ್ಟ ಬಂದಾಗ ಸಹಾಯ ಕೇಳುವ ದಾರಿಯೂ ಅದೇ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ರೋಮಿಂಗ್ ಯಾಕೆ ಅಷ್ಟು ದುಬಾರಿ?

ಹಿಂದೆ ಹಳದಿ ಬೋರ್ಡಿನ ಐ.ಎಸ್.ಡಿ. ಬೂತ್‌ನಲ್ಲಿ ಸಾಲು ನಿಂತು, ಮೀಟರ್ ಓಡುವುದನ್ನು ನೋಡುತ್ತಾ ಎರಡೇ ಮಾತು ಆಡಿ ಫೋನ್ ಇಡುತ್ತಿದ್ದ ಕಾಲ ನೆನಪಿರಬಹುದು. ಆಗ ವಿದೇಶ ಕರೆಗಳ ವ್ಯವಹಾರ ವಿ.ಎಸ್.ಎನ್.ಎಲ್. ಎಂಬ ಒಂದೇ ಸಂಸ್ಥೆಯ ಕೈಯಲ್ಲಿತ್ತು. 2002ರ ಏಪ್ರಿಲ್‌ನಿಂದ ಬೇರೆ ಕಂಪನಿಗಳಿಗೂ ಅವಕಾಶ ಸಿಕ್ಕಿತು, ದರ ಇಳಿಯುತ್ತಾ ಬಂತು. ಆಮೇಲೆ ಇಂಟರ್‌ನೆಟ್ ಕರೆ ಬಂದು ಖರ್ಚು ಇನ್ನೂ ತಗ್ಗಿತು. ಆದರೆ ರೋಮಿಂಗ್ ಮಾತ್ರ ಇವತ್ತಿಗೂ ದುಬಾರಿಯೇ.

ನಮ್ಮ ಊರಿನ ಸಿಮ್ಮನ್ನೇ ಹಾಕಿಕೊಂಡು ಬೇರೆ ದೇಶದ ಟವರ್ ಬಳಸುವುದಕ್ಕೆ ರೋಮಿಂಗ್ ಅನ್ನುತ್ತಾರೆ. ನೀವು ಮಸ್ಕತ್‌ನಲ್ಲಿ ಇದ್ದೀರಿ, ಉಡುಪಿಯಿಂದ ತಂಗಿ ನಿಮ್ಮ ನಂಬರಿಗೆ ಫೋನ್ ಮಾಡುತ್ತಾಳೆ ಅಂತ ಇಟ್ಟುಕೊಳ್ಳಿ. ಆ ಕರೆ ಮೊದಲು ನಿಮ್ಮ ಭಾರತದ ಕಂಪನಿಗೆ ಬರುತ್ತದೆ. ಅಲ್ಲಿಂದ ಸಮುದ್ರ ದಾಟಿ ಒಮಾನಿನ ಕಂಪನಿಗೆ ಹೋಗಿ ನಿಮ್ಮ ಫೋನ್ ರಿಂಗ್ ಆಗುತ್ತದೆ. ತಂಗಿ ಊರಿನ ಕರೆಯ ದರ ಮಾತ್ರ ಕೊಡುತ್ತಾಳೆ. ಸಮುದ್ರ ದಾಟಿದ ಭಾಗದ ದುಡ್ಡು ನಿಮ್ಮ ತಲೆಗೆ! ಆದ್ದರಿಂದ ರೋಮಿಂಗ್‌ನಲ್ಲಿ ಒಳಬರುವ ಕರೆಗೂ ಹಣ ಹೋಗುತ್ತದೆ. ‘ನಾನು ಯಾರಿಗೂ ಫೋನ್ ಮಾಡಲೇ ಇಲ್ಲ, ಕರೆನ್ಸಿ ಹೇಗೆ ಖಾಲಿ ಆಯ್ತು?’ ಎಂದು ಕೇಳುವವರಿಗೆ ಇದೇ ಉತ್ತರ.

ಇಂಟರ್‌ನೆಟ್ಟಿನ ಕಥೆ ಇನ್ನೂ ಕಷ್ಟ. ನಾವು ಮುಟ್ಟದಿದ್ದರೂ ಫೋನು ತಾನಾಗಿ ವಾಟ್ಸಾಪ್ ಫೋಟೋ, ವೀಡಿಯೋ ಇಳಿಸುತ್ತಾ ಇರುತ್ತದೆ. ಪ್ಯಾಕ್ ಹಾಕಿಸದೆ ಇದ್ದರೆ ಇದಕ್ಕೆಲ್ಲಾ ದೊಡ್ಡ ದರ ಬೀಳುತ್ತದೆ. ಅದರಲ್ಲೂ ಪೋಸ್ಟ್‌ಪೇಯ್ಡ್ ಇದ್ದವರಿಗೆ ಬಿಲ್ಲು ಬಂದ ಮೇಲೆಯೇ ಗೊತ್ತಾಗುವುದು. ವಿಮಾನ ಹತ್ತುವ ಮುಂಚೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ರೋಮಿಂಗ್’ ಎಂಬುದನ್ನು ಆಫ್ ಮಾಡಿ. ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕಿಯೇ ಇರಲಿ. ಕೆಲವು ವಿಮಾನ, ಹಡಗುಗಳಲ್ಲಿ ಉಪಗ್ರಹದ ಮೂಲಕ ನಡೆಯುವ ನೆಟ್‌ವರ್ಕ್ ಇರುತ್ತದೆ. ಅದರ ದರ ಎಲ್ಲಕ್ಕಿಂತ ಹೆಚ್ಚು.

ಮೂರು ದಾರಿಗಳು

1. ರೋಮಿಂಗ್ ಪ್ಯಾಕ್: ಏರ್‌ಟೆಲ್, ಜಿಯೋ, ವಿ, ಬಿ.ಎಸ್.ಎನ್.ಎಲ್. ಎಲ್ಲರಲ್ಲೂ ದೇಶಕ್ಕೆ ತಕ್ಕ ಪ್ಯಾಕ್‌ಗಳಿವೆ. ಇಷ್ಟು ದಿನ, ಇಷ್ಟು ನಿಮಿಷ, ಇಷ್ಟು ಡೇಟಾ ಅಂತ ಲೆಕ್ಕ. ಹಾಕಿಸುವಾಗ ಮೂರು ಪ್ರಶ್ನೆ ಕೇಳಿ: ನಾನು ಹೋಗುವ ದೇಶ ಇದರಲ್ಲಿ ಇದೆಯಾ? ಒಳಬರುವ ಕರೆ ಸೇರಿದೆಯಾ? ದಿನದ ಲೆಕ್ಕ ಯಾವಾಗಿನಿಂದ ಶುರು? ಹತ್ತು ದಿನದೊಳಗಿನ ಪ್ರಯಾಣಕ್ಕೆ ಇದು ಸುಲಭ. ತಿಂಗಳುಗಟ್ಟಲೆ ಇರುವವರಿಗೆ ನಷ್ಟ.

2. ಆ ದೇಶದ ಸಿಮ್: ಹೆಚ್ಚು ದಿನ ಇರುವವರಿಗೆ ಇದೇ ಅಗ್ಗ. ಯು.ಎ.ಇ.ಯಲ್ಲಿ ಎತಿಸಲಾತ್ (ಈಗ ‘ಇ ಆ್ಯಂಡ್’ ಎಂಬ ಹೆಸರು) ಮತ್ತು ಡು ಮುಖ್ಯ ಕಂಪನಿಗಳು. ಸೌದಿಯಲ್ಲಿ ಎಸ್.ಟಿ.ಸಿ., ಮೊಬೈಲಿ, ಝೈನ್. ಕುವೈತಿನಲ್ಲಿ ಝೈನ್, ಊರಿಡೂ, ಎಸ್.ಟಿ.ಸಿ.; ಕತಾರಿನಲ್ಲಿ ಊರಿಡೂ ಮತ್ತು ವೊಡಾಫೋನ್; ಒಮಾನಿನಲ್ಲಿ ಒಮಾನ್‌ಟೆಲ್, ಊರಿಡೂ, ವೊಡಾಫೋನ್. ಪ್ರವಾಸದ ವೀಸಾದಲ್ಲಿ ಹೋದವರು ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆಯಬೇಕು. ಕೆಲಸಕ್ಕೆ ಹೋದವರಿಗೆ ಆ ದೇಶದ ಗುರುತು ಚೀಟಿ ಬೇಕಾಗುತ್ತದೆ. ಇದು ಯು.ಎ.ಇ.ಯಲ್ಲಿ ಎಮಿರೇಟ್ಸ್ ಐ.ಡಿ., ಸೌದಿಯಲ್ಲಿ ಇಕಾಮಾ, ಕುವೈತಿನಲ್ಲಿ ಸಿವಿಲ್ ಐ.ಡಿ. ಸೌದಿಯಲ್ಲಿ 2016ರಿಂದ ಸಿಮ್‌ಗೆ ಬೆರಳಚ್ಚೂ ಕೊಡಬೇಕು. ಪ್ರೀಪೇಯ್ಡ್ ಸಿಮ್ಮನ್ನೇ ತೆಗೆದುಕೊಳ್ಳಿ, ಕೈ ಮೀರಿ ಖರ್ಚಾಗುವುದಿಲ್ಲ.

3. ವೈ-ಫೈ: ಉಳಿದುಕೊಳ್ಳುವ ಮನೆಯಲ್ಲಿ ವೈ-ಫೈ ಇದ್ದರೆ ಮೆಸೇಜು, ಫೋಟೋ, ದನಿ ಸಂದೇಶಗಳಿಗೆ ಬೇರೆ ಖರ್ಚೇ ಇಲ್ಲ. ಆದರೆ ಪೂರ್ತಿ ಅದನ್ನೇ ನಂಬಿದರೆ ಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಸಂಪರ್ಕ ಕಡಿಯುತ್ತದೆ. ವೈ-ಫೈ ಪಾಸ್‌ವರ್ಡ್ ಮಾಲೀಕರ ಕೈಯಲ್ಲಿರುತ್ತದೆ ಎಂಬುದೂ ನೆನಪಿರಲಿ.

ಎರಡು ಸಿಮ್ ಹಾಕುವ ಫೋನ್ ಇದ್ದರೆ ತುಂಬಾ ಅನುಕೂಲ. ಒಂದರಲ್ಲಿ ಊರಿನ ಸಿಮ್, ಇನ್ನೊಂದರಲ್ಲಿ ಅಲ್ಲಿಯ ಸಿಮ್. ಡೇಟಾ ಮಾತ್ರ ಅಲ್ಲಿಯ ಸಿಮ್‌ಗೆ ಹೊಂದಿಸಿ. ಅಲ್ಲಿಯ ಸಿಮ್ ಹಾಕಿದ ಮೇಲೂ ವಾಟ್ಸಾಪ್ ಊರಿನ ನಂಬರಿನಲ್ಲೇ ಮುಂದುವರಿಯುತ್ತದೆ. ನಂಬರ್ ಬದಲಿಸಬೇಕಾ ಅಂತ ಅದು ಕೇಳಿದರೆ ‘ಬೇಡ’ ಎನ್ನಿ, ಸಂಘದ ಗುಂಪೂ ಉಳಿಯುತ್ತದೆ.

ಮೊದಲ ಕೆಲವು ವಾರ ಜೋಪಾನ

ಕೆಲಸಕ್ಕೆ ಹೋಗುವ ಸಹೋದರಿಯರು ಇದನ್ನು ಗಮನವಿಟ್ಟು ಓದಬೇಕು. ಗುರುತು ಚೀಟಿ ಕೈಗೆ ಬರಲು ಮೆಡಿಕಲ್ ತಪಾಸಣೆ, ಬೆರಳಚ್ಚು ಎಲ್ಲಾ ಮುಗಿಯಬೇಕು. ಅದಕ್ಕೆ ಕೆಲವು ವಾರ ಹಿಡಿಯಬಹುದು. ಹೊಸ ಮನೆ, ಗೊತ್ತಿಲ್ಲದ ಭಾಷೆ, ಪಕ್ಕದಲ್ಲಿ ನಮ್ಮವರು ಯಾರೂ ಇಲ್ಲ. ಮಾತಾಡಬೇಕು ಅನ್ನಿಸುವುದೂ ಆಗಲೇ, ತೊಂದರೆ ಇದ್ದರೆ ಗೊತ್ತಾಗುವುದೂ ಆಗಲೇ. ಆ ಹೊತ್ತಿಗೆ ಸರಿಯಾಗಿ ಫೋನ್ ಇಲ್ಲದಂತಾಗುತ್ತದೆ! ಆದ್ದರಿಂದ ಹೊರಡುವ ಮೊದಲೇ ಊರಿನ ಸಿಮ್‌ಗೆ ಒಂದು ಚಿಕ್ಕ ರೋಮಿಂಗ್ ಪ್ಯಾಕ್ ಹಾಕಿಸಿ. ಏಜೆಂಟರಿಗೆ ಕೊಡುವ ಹಣಕ್ಕೆ ಹೋಲಿಸಿದರೆ ಇದು ದೊಡ್ಡದಲ್ಲ. ತಲುಪಿದ ದಿನವೇ ಕೆಲಸದ ಮನೆಯ ವಿಳಾಸ, ಮಾಲೀಕರ ನಂಬರು ಮನೆಯವರಿಗೆ ಕಳಿಸಿ.

ಇಂಟರ್‌ನೆಟ್ ಕರೆ ಎಲ್ಲಾ ಕಡೆ ನಡೆಯುವುದಿಲ್ಲ

‘ವಾಟ್ಸಾಪ್ ಇದೆಯಲ್ಲ, ವೀಡಿಯೋ ಕಾಲ್ ಮಾಡ್ತೇನೆ’ ಎಂದು ಹೇಳಿ ಹೊರಡುವವರೇ ಜಾಸ್ತಿ. ಆದರೆ ಯು.ಎ.ಇ.ಯಲ್ಲಿ ವಾಟ್ಸಾಪ್ ಮೆಸೇಜು, ದನಿ ಸಂದೇಶ ಹೋಗುತ್ತದೆ. ಮಾತಾಡುವ ಕರೆಯನ್ನು ಸರಕಾರದ ನಿಯಮದಂತೆ ತಡೆದಿದ್ದಾರೆ. ಅಲ್ಲಿ ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಬಳಸಬೇಕು. ಊರಿನ ಮನೆಯವರ ಫೋನಿನಲ್ಲೂ ಅದೇ ಆ್ಯಪ್ ಇರಬೇಕು. ಹೊರಡುವ ಮುಂಚೆ ಎರಡೂ ಫೋನಿಗೆ ಹಾಕಿಸಿ, ಒಮ್ಮೆ ಮಾತಾಡಿ ನೋಡಿ. ಸೌದಿ ಅರೇಬಿಯಾ 2017ರಲ್ಲಿ ಇಂಥ ಕರೆಗಳ ಮೇಲಿನ ನಿಷೇಧ ಸಡಿಲಿಸಿತು. ಆದರೂ ಗಲ್ಫಿನ ಒಂದೊಂದು ದೇಶದಲ್ಲಿ ಒಂದೊಂದು ಥರ ಇರುವುದರಿಂದ, ಅಲ್ಲಿ ಈಗಾಗಲೇ ಇರುವ ನಮ್ಮೂರಿನವರನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ವಿ.ಪಿ.ಎನ್. ಎಂಬ ಕಳ್ಳದಾರಿ ತೋರಿಸಿ ‘ಇದು ಹಾಕಿಕೊಳ್ಳಿ, ಎಲ್ಲಾ ಫ್ರೀ’ ಎನ್ನುವವರೂ ಇದ್ದಾರೆ. ಅದನ್ನು ಬಳಸಿ ಅಪರಾಧ ಮಾಡಿದರೆ ಯು.ಎ.ಇ.ಯ 2021ರ ಸೈಬರ್ ಕಾನೂನಿನ ಪ್ರಕಾರ ದಂಡ 5 ಲಕ್ಷ ದಿರ್ಹಾಮ್‌ನಿಂದ ಶುರುವಾಗುತ್ತದೆ. ನಾಲ್ಕು ಕಾಸು ಉಳಿಸಲು ಹೋಗಿ ಜೀವಮಾನದ ದುಡಿಮೆ ಕಳೆದುಕೊಳ್ಳುವುದು ಬೇಡ.

ವೀಡಿಯೋ ಕಾಲ್‌ಗೆ ಬರೀ ಮಾತಿಗಿಂತ ಹಲವು ಪಟ್ಟು ಡೇಟಾ ಬೇಕು. ವೈ-ಫೈ ಇದ್ದಾಗ ಮುಖ ನೋಡಿ ಮಾತಾಡಿ, ಇಲ್ಲದಾಗ ದನಿ ಸಂದೇಶ ಕಳಿಸಿ. ಹೊತ್ತೂ ನೋಡಿಕೊಳ್ಳಿ. ಯು.ಎ.ಇ. ಮತ್ತು ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹರೈನ್ ಎರಡೂವರೆ ಗಂಟೆ ಹಿಂದೆ.

ಊರಿನ ನಂಬರ್ ಸಾಯಲು ಬಿಡಬೇಡಿ

ಅಲ್ಲಿಯ ಸಿಮ್ ಸಿಕ್ಕಿತು ಅಂತ ಊರಿನ ಸಿಮ್ ತೆಗೆದು ಪೆಟ್ಟಿಗೆಗೆ ಹಾಕುವವರಿದ್ದಾರೆ. ರೀಚಾರ್ಜ್ ನಿಂತರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವುದೂ ನಿಲ್ಲುತ್ತದೆ, ಕೊನೆಗೆ ನಂಬರೇ ರದ್ದಾಗಿ ಬೇರೆಯವರ ಪಾಲಾಗುತ್ತದೆ. ಬ್ಯಾಂಕ್, ಆಧಾರ್, ಗ್ಯಾಸ್ ಎಲ್ಲದಕ್ಕೂ ಕೊಟ್ಟಿರುವುದು ಅದೇ ನಂಬರು. ನೀವು ಬೆವರು ಸುರಿಸಿ ಕಳಿಸಿದ ಹಣದ ಓ.ಟಿ.ಪಿ. ಯಾರೋ ಗುರುತಿಲ್ಲದವರ ಫೋನಿಗೆ ಹೋಗುವ ಅಪಾಯ ಇದೆ.

ಇದಕ್ಕೆ ಹೆಚ್ಚು ಖರ್ಚಿಲ್ಲ. ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್.ಎಂ.ಎಸ್.ನ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶ ಮಾಡಿತು. ಇಂಥ ಪ್ಯಾಕ್‌ಗೆ 365 ದಿನದವರೆಗೆ ಅವಧಿ ಕೊಡಲು ಅವಕಾಶ ಇದೆ. ಅಂಗಡಿಯಲ್ಲಿ ‘ಡೇಟಾ ಇಲ್ಲದ, ಹೆಚ್ಚು ದಿನ ಬರುವ ಪ್ಯಾಕ್’ ಎಂದೇ ಕೇಳಿ. ರೋಮಿಂಗ್‌ನಲ್ಲಿ ಒಳಬರುವ ಎಸ್.ಎಂ.ಎಸ್.ಗೆ ಸಾಮಾನ್ಯವಾಗಿ ಹಣ ಹೋಗುವುದಿಲ್ಲ. ಆದರೆ ಸಿಮ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯ ಶುರುವಾಗಿರಬೇಕು. ಅದನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ.

ಸಂಘದ ಸಾಲದ ಕಂತು ಮಗಳೋ ಅತ್ತೆಯೋ ಕಟ್ಟುವ ವ್ಯವಸ್ಥೆ ಇದ್ದರೆ, ಆ ವಿಷಯ ಪುಸ್ತಕದಲ್ಲಿ ಬರೆಸಿ ಹೋಗಿ. ಓ.ಟಿ.ಪಿ., ಪಿನ್ ಮಾತ್ರ ಯಾರಿಗೂ ಹೇಳಬೇಡಿ.

ಫೋನು ನಿಮ್ಮ ಕೈಯಲ್ಲೇ ಇರಲಿ

ಕೆಲಸದ ಹೊತ್ತಿನಲ್ಲಿ ಫೋನ್ ಬೇಡ ಎಂದು ಮನೆಯವರು ಹೇಳಿದರೆ ಒಪ್ಪಬಹುದು. ಫೋನನ್ನೇ ಕಿತ್ತು ಇಟ್ಟುಕೊಂಡರೆ ಅದು ಅಪಾಯದ ಸೂಚನೆ ಎಂದು ತಿಳಿಯಿರಿ. ಪಾಸ್‌ಪೋರ್ಟಿನ ವಿಷಯದಲ್ಲೂ ಹಾಗೆಯೇ. ಮನೆಕೆಲಸದವರ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಡಂಬಡಿಕೆ, ಗುರುತಿನ ದಾಖಲೆಗಳು ಕೆಲಸದವರ ಕೈಯಲ್ಲೇ ಇರಬೇಕು ಎನ್ನುತ್ತದೆ. ಯು.ಎ.ಇ.ಯ 2022ರ ಮನೆಕೆಲಸದವರ ಕಾನೂನೂ ಆ ಹಕ್ಕನ್ನು ಕೊಟ್ಟಿದೆ.

ಫೋನು ಕಳೆದರೆ, ಕೆಟ್ಟರೆ ನಂಬರುಗಳೂ ಹೋಗುತ್ತವೆ. ಆದ್ದರಿಂದ ಒಂದು ಚಿಕ್ಕ ಚೀಟಿಯಲ್ಲಿ ಮನೆಯ ನಂಬರು, ಸಂಘದ ಅಧ್ಯಕ್ಷೆಯ ನಂಬರು, ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರು ಬರೆದು ಬಟ್ಟೆಯೊಳಗೆ ಜೋಪಾನವಾಗಿಡಿ. ಎರಡು ನಂಬರನ್ನಾದರೂ ಬಾಯಿಪಾಠ ಮಾಡಿ. ರಾಯಭಾರ ಕಚೇರಿಗಳು ಅಬುಧಾಬಿ, ರಿಯಾದ್, ಕುವೈತ್, ದೋಹಾ, ಮನಾಮಾ, ಮಸ್ಕತ್‌ಗಳಲ್ಲಿವೆ. ದುಬಾಯಿ ಮತ್ತು ಜಿದ್ದಾದಲ್ಲಿ ಕಾನ್ಸುಲೇಟ್ ಇದೆ. ಪೊಲೀಸರನ್ನು ಕರೆಯಲು ಯು.ಎ.ಇ., ಕತಾರ್, ಬಹರೈನ್‌ಗಳಲ್ಲಿ 999, ಕುವೈತಿನಲ್ಲಿ 112, ಒಮಾನಿನಲ್ಲಿ 9999.

ಊರಿಗೆ ಫೋನ್ ಮಾಡುವಾಗ ಮೊದಲು +91 ಒತ್ತಿ, ಆಮೇಲೆ ಹತ್ತು ಅಂಕಿಯ ನಂಬರು. ನಡುವೆ ಸೊನ್ನೆ ಬೇಡ. ಈಗಿನಿಂದಲೇ ಎಲ್ಲಾ ನಂಬರನ್ನು +91 ಸೇರಿಸಿ ಉಳಿಸಿಟ್ಟರೆ ಅಲ್ಲಿ ಗೊಂದಲ ಇರುವುದಿಲ್ಲ.

ಮೋಸಕ್ಕೆ ಬೀಳಬೇಡಿ

• ಗೊತ್ತಿಲ್ಲದ ವಿದೇಶಿ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಬೇಡಿ. ದುಬಾರಿ ದರದ ನಂಬರಿಗೆ ಕರೆ ಹೋಗಿ ಹಣ ಖಾಲಿಯಾಗುವ ಮೋಸ ಇದೆ.
• ನಿಮ್ಮ ಹೆಸರಿನ ಸಿಮ್ ಬೇರೆಯವರಿಗೆ ಕೊಡಬೇಡಿ. ‘ಅಲ್ಲಿ ನಮ್ಮವರಿಗೆ ಕೊಡಿ’ ಎಂದು ಯಾರಾದರೂ ಸಿಮ್ ಕಾರ್ಡುಗಳ ಪೊಟ್ಟಣ ಕೊಟ್ಟರೆ ಒಯ್ಯಬೇಡಿ.
• ‘ನಿಮ್ಮ ಮಗ ದುಬಾಯಿಯಲ್ಲಿ ಸಿಕ್ಕಿಬಿದ್ದಿದ್ದಾನೆ, ಹಣ ಕಳಿಸಿ’ ಎಂಬ ಕರೆ ಬಂದರೆ ಮೊದಲು ಮಗನ ನಂಬರಿಗೇ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.
• ಕೆಲಸ ಮುಗಿಸಿ ಪೂರ್ತಿ ಊರಿಗೆ ಬರುವಾಗ ಅಲ್ಲಿಯ ಸಿಮ್ ರದ್ದು ಮಾಡಿಸಿ, ಬಾಕಿ ಇದ್ದರೆ ಕಟ್ಟಿ ಬನ್ನಿ.

ಹೊರಡುವ ವಾರದ ಕೆಲಸಗಳು

1. ಊರಿನ ಸಿಮ್‌ಗೆ ಹೆಚ್ಚು ದಿನದ ರೀಚಾರ್ಜ್, ರೋಮಿಂಗ್ ಸೌಲಭ್ಯ.
2. ಮೊದಲ ದಿನಗಳಿಗೆ ಚಿಕ್ಕ ರೋಮಿಂಗ್ ಪ್ಯಾಕ್.
3. ಆ ದೇಶದಲ್ಲಿ ನಡೆಯುವ ಆ್ಯಪ್ ಎರಡೂ ಕಡೆಯ ಫೋನಿಗೆ.
4. ಡೇಟಾ ರೋಮಿಂಗ್ ಆಫ್. ಪ್ಯಾಕ್‌ನಲ್ಲಿ ಡೇಟಾ ಇದ್ದರೆ ತಲುಪಿದ ಮೇಲೆ ಆನ್.
5. ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು ಪತ್ರದ ಫೋಟೋ ಮನೆಯವರ ಫೋನಿನಲ್ಲೂ ಇರಲಿ.
6. ನಂಬರುಗಳ ಚೀಟಿ.
7. ವಾರಕ್ಕೆ ಯಾವ ದಿನ, ಯಾವ ಹೊತ್ತಿಗೆ ಮಾತಾಡುವುದು ಎಂಬ ನಿಶ್ಚಯ. ಆ ದಿನ ಕರೆ ಬಾರದಿದ್ದರೆ ಮನೆಯವರು ಯಾರನ್ನು ಕೇಳಬೇಕು ಎಂಬುದೂ ತೀರ್ಮಾನವಾಗಲಿ.

ಸಂಘದ ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದಿಂದ ಅಥವಾ ನಮ್ಮ ಮನೆಗಳಿಂದ ಯಾರು ಯಾರು ಪರದೇಶದಲ್ಲಿದ್ದಾರೆ? ಅವರ ನಂಬರು ನಮ್ಮ ಪುಸ್ತಕದಲ್ಲಿ ಇದೆಯೇ?
• ಹೋಗಿ ಬಂದ ಸದಸ್ಯೆಯರು ಫೋನಿಗೆ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತಿದ್ದರು? ಹೇಗೆ ಉಳಿಸಿದರು?
• ಮುಂದೆ ಹೊರಡುವ ಸಹೋದರಿಗೆ ಮೇಲಿನ ಏಳು ಕೆಲಸ ಮಾಡಿಸಿಕೊಡುವ ಜವಾಬ್ದಾರಿ ಯಾರು ತೆಗೆದುಕೊಳ್ಳುತ್ತೀರಿ?